ಹನ್ನೊಂದನೆಯ ಕಲಮು

ಗ್ರೀವ್ಸ್ ಹಾಲೋ, ನ್ಯೂ ಹ್ಯಾಂಪ್‌ಶೈರ್
೯ ಜನವರಿ ೧೯೯೪

ಹೆಸ್ಟರ್ ಕ್ವಿಂಬಿ ಮಹಾರಾಣಿಯವರ ಸನ್ನಿಧಾನಕ್ಕೆ,

ಪರದೆ ಸರಿಯಿತು, ದೀಪ ಹತ್ತಿತು, ಇಗೋ ಆರ್ವಿಲ್ ಪೆಲ್ಕಿ ರಂಗಕ್ಕೆ ಬಂದ. ಕಾಗದವನ್ನು ಒಲೆಗೆ ಹಾಕಬೇಡ. ಫೋನ್ ಮಾಡಿದರೆ ನನ್ನ ಉಸಿರು ಕೇಳಿಯೇ ಕೆಳಗಿಡುತ್ತೀಯ. ಅಂಚೆ ಕಚೇರಿಯಲ್ಲಿ ಎದುರಾದರೆ ಗೋಡೆಯ ಮೇಲಿನ ನೋಟೀಸು ಓದಲು ನಿಲ್ಲುತ್ತೀಯ. ಮೊನ್ನೆ ನೀನು ಅಷ್ಟು ಶ್ರದ್ಧೆಯಿಂದ ಓದಿದ್ದು ನಾಯಿಗಳಿಗೆ ಚುಚ್ಚುಮದ್ದು ಹಾಕಿಸುವ ನೋಟೀಸು. ನಿನ್ನ ಮನೆಯಲ್ಲಿ ನಾಯಿಯೇ ಇಲ್ಲ. ಆದ್ದರಿಂದ ಈ ಕಾಗದ. ಸಿಟ್ಟಿನಿಂದ ಬಿಸಾಡಬೇಕೆಂದರೂ ಅಷ್ಟರೊಳಗೆ ಅರ್ಧ ಓದಿ ಮುಗಿಸಿರುತ್ತೀಯ.

ಕಳೆದ ಮಾರ್ಚಿನ ಊರಸಭೆಯಲ್ಲಿ ಶಾಲೆಯ ತೆರಿಗೆಯ ಪರವಾಗಿ ನಾನು ಅರ್ಧ ಗಂಟೆ ಗುಡುಗಿದ್ದನ್ನು ನೀನು ಮರೆತಿರಲಾರೆ. ಸಭಾಭವನದ ಕಿಟಕಿಯ ಗಾಜು ನಡುಗಿತು. ಮುಂದಿನ ಸಾಲಿನಲ್ಲಿ ಕರವಸ್ತ್ರಗಳು ಹೊರಬಂದವು. ನನ್ನ ಕಣ್ಣಿನಲ್ಲೂ ನೀರು ಬಂತು. ಆಮೇಲೆ ನೀನು ಎದ್ದೆ. ಮೂರೇ ವಾಕ್ಯ. "ಆರ್ವಿಲ್ ಚೆನ್ನಾಗಿ ಮಾತಾಡ್ತಾನೆ. ಇಪ್ಪತ್ತು ವರ್ಷ ಅವನ ಪಕ್ಕದಲ್ಲಿ ನಿಂತು ರಾಣಿ ಪಾರ್ಟು ಮಾಡಿದೀನಿ, ಅವನ ಕಣ್ಣೀರು ಯಾವ ಮಾತಿಗೆ ಬರುತ್ತೆ ಅಂತ ನಂಗೊತ್ತು. ತೆರಿಗೆ ಬಿಲ್ಲು ಬಂದಾಗ ನಮ್ಮನೆಗೆ ಬಂದು ಅಳ್ತಾನಾ ಕೇಳಿ." ಸಭೆ ಗೊಳ್ಳೆಂದು ನಕ್ಕಿತು. ತೆರಿಗೆಯ ಕಲಮು ಬಿದ್ದುಹೋಯಿತು. ನಾನು ಟೋಪಿ ಮರೆತು ಮನೆಗೆ ಬಂದೆ.

ಆ ತೆರಿಗೆ ಮತ್ತೆ ಬರುತ್ತಿದೆ, ಹೆಸ್ಟರ್. ಈ ಸಲದ ಕಾರ್ಯಸೂಚಿಯಲ್ಲಿ ಹನ್ನೊಂದನೆಯ ಕಲಮು. ಮನೆ, ಜಮೀನುಗಳ ಬೆಲೆಯ ಪ್ರತಿ ಸಾವಿರಕ್ಕೆ ಒಂದೂವರೆ ಡಾಲರು ಹೆಚ್ಚು ಹಾಕಿ ಶಾಲೆಯನ್ನು ಉಳಿಸಿಕೊಳ್ಳಿ ಎನ್ನುವುದು ಅದರ ಒಟ್ಟು ಅರ್ಥ. ಈ ಸಲ ಬಿದ್ದರೆ ಇನ್ನೊಂದು ವರ್ಷ ಇಲ್ಲ. ಇರುವ ನಾಲ್ವರು ಉಪಾಧ್ಯಾಯರಲ್ಲಿ ಇಬ್ಬರು ಜೂನ್‌ನಲ್ಲಿ ಗಂಟು ಮೂಟೆ ಕಟ್ಟಬೇಕು. ಮೂರನೆಯ ತರಗತಿಯಿಂದ ಮೇಲಿನ ಮಕ್ಕಳು ಬೆಳಗಿನ ಕತ್ತಲಲ್ಲಿ ಬಸ್ಸು ಹತ್ತಿ ಗುಡ್ಡದಾಚೆಯ ಊರಿಗೆ ಹೋಗಬೇಕು. ಆ ಇಬ್ಬರಲ್ಲಿ ಒಬ್ಬಳು ನಯೋಮಿ ಡುಫ್ರೇನ್. ನಿನ್ನ ಮನೆಯ ಮಹಡಿಯ ಮೇಲೆ ಬಾಡಿಗೆಗೆ ಇರುವವಳು, ನಿನ್ನ ಕೈಯ ಸೂಪು ಕುಡಿಯುವವಳು.

ನನಗೂ ಸುಖವಿಲ್ಲ. ನನ್ನ ಹುಲ್ಲುಗಾವಲಿನ ಅಳತೆ ನಿನಗೆ ಗೊತ್ತು, ಹಾಲಿನ ಬೆಲೆಯೂ ಗೊತ್ತು. ಆದರೂ ಕೊಡುತ್ತೇನೆ. ಆ ಶಾಲೆಯ ಹಲಗೆ ವೇದಿಕೆಯ ಮೇಲೆ ಆರನೆಯ ವಯಸ್ಸಿನಲ್ಲಿ ಕುಂಬಳಕಾಯಿಯ ವೇಷ ಹಾಕಿ ನಿಂತ ದಿನ ನಾನು ಹುಟ್ಟಿದ್ದು. ಅದಕ್ಕೂ ಮೊದಲು ನಮ್ಮಮ್ಮ ಹೆತ್ತದ್ದು ಬರೀ ತಾಲೀಮು.

ಒಂದೇ ಭಿಕ್ಷೆ. ಮತ ಹೇಗಾದರೂ ಹಾಕು. ಆದರೆ ಆ ಮೂರು ವಾಕ್ಯಗಳನ್ನು ಈ ಸಲ ಮನೆಯಲ್ಲೇ ಬಿಟ್ಟು ಬಾ.

ಸಿಂಹಾಸನ ಕಳೆದುಕೊಂಡ ನಿನ್ನ ರಾಜ,
ಆರ್ವಿಲ್

•

ಗುಡ್ಡದ ರಸ್ತೆ
೧೭ ಜನವರಿ

ಆರ್ವಿಲ್,

ಪೂರ್ತಿ ಓದಿದೆ. ಒಲೆಗೆ ಸೌದೆ ಸಾಕಷ್ಟಿತ್ತು.

ನಾಯಿಯ ನೋಟೀಸಿನಲ್ಲಿ ದಿನಾಂಕ ತಪ್ಪಾಗಿತ್ತು, ಗುಮಾಸ್ತರಿಗೆ ತಿಳಿಸಿದೆ. ನಿನ್ನನ್ನು ನೋಡಬಾರದೆಂದೇ ಓದಿದೆ ಎನ್ನುವುದೂ ನಿಜ.

ಈಗ ಕೇಳು, ಗುಡುಗಬೇಡ. ನನ್ನ ಗಂಡ ಈ ಮನೆ ಕಟ್ಟಿದಾಗ ಇದರ ಸುತ್ತ ಇದ್ದದ್ದು ಕಲ್ಲು, ಮೇಪಲ್ ಮರ ಮತ್ತು ಸೊಳ್ಳೆ. ಆಮೇಲೆ ಬಾಸ್ಟನ್ನಿನವರು ಬಂದರು. ಕೆರೆಯ ದಂಡೆಗೆ ಕೊಂಡರು, ನನ್ನ ಬಲಕ್ಕೆ ಕೊಂಡರು, ಎಡಕ್ಕೂ ಕೊಂಡರು. ಅವರು ಕೊಟ್ಟ ಹಣವನ್ನು ನೋಡಿ ಊರಿನವರು ನನ್ನ ಮನೆಗೂ ಅದೇ ಬೆಲೆ ಕಟ್ಟಿದರು. ಮನೆ ನನ್ನದು, ಬೆಲೆ ಅವರದು, ಬಿಲ್ಲು ಮತ್ತೆ ನನ್ನದು. ಅವರು ಜುಲೈಯಲ್ಲಿ ಬಂದು "ಆಹಾ, ಎಷ್ಟು ಶಾಂತವಾಗಿದೆ" ಎನ್ನುತ್ತಾರೆ. ಶಾಂತವಾಗಿರದೆ ಏನು, ಮನೆ ಮಾರಿಹೋಗುವ ಭಯದಲ್ಲಿ ಇರುವವರು ಗದ್ದಲ ಮಾಡುವುದಿಲ್ಲ.

ನಿನ್ನ ಒಂದೂವರೆ ಡಾಲರು ಕೇಳಲು ಇಂಪಾಗಿದೆ. ನನ್ನ ಮನೆಯ ಕಾಗದದ ಬೆಲೆಯಿಂದ ಅದನ್ನು ಗುಣಿಸಿ ನೋಡು. ನಾನು ಗುಣಿಸಿದ್ದೇನೆ. ಇನ್ನೆರಡು ಚಳಿಗಾಲ ಈ ಮನೆಯನ್ನು ಹಿಡಿದಿಟ್ಟುಕೊಳ್ಳಬಹುದು ಎಂದುಕೊಂಡಿದ್ದೆ. ನಿನ್ನ ಕಲಮು ಗೆದ್ದರೆ ಒಂದು.

ನಯೋಮಿಯ ಮಾತೆತ್ತಿದ್ದೀಯ. ಎತ್ತಬಾರದಿತ್ತು. ನಾವಿಬ್ಬರೂ ಆ ವಿಷಯ ಆಡುವುದಿಲ್ಲ. ಅವಳು ಬೆಳಿಗ್ಗೆ ನಾನೇಳುವ ಮೊದಲೇ ಮೆಟ್ಟಿಲ ಮೇಲಿನ ಹಿಮ ತೆಗೆದಿರುತ್ತಾಳೆ. ನಾನು ಸಂಜೆ ಅವಳ ತಟ್ಟೆಗೆ ಎರಡನೆಯ ಸಲ ಬಡಿಸುತ್ತೇನೆ. ಮೊನ್ನೆ ಮಕ್ಕಳ ಉತ್ತರಪತ್ರಿಕೆ ತಿದ್ದುತ್ತ, "ಈ ಹುಡುಗಿ ನದಿಗಳೆಲ್ಲ ಸಮುದ್ರದಿಂದ ಬೆಟ್ಟಕ್ಕೆ ಹರಿಯುತ್ವೆ ಅಂತ ಬರ್ದಿದಾಳೆ, ಮಿಸೆಸ್ ಕ್ವಿಂಬಿ. ಎಷ್ಟು ಮಾರ್ಕು ಕೊಡ್ಲಿ?" ಎಂದು ಕೇಳಿದಳು. "ಧೈರ್ಯಕ್ಕೆ ಅರ್ಧ ಕೊಡು," ಎಂದೆ. ನಕ್ಕಳು. ಜೂನ್ ತಿಂಗಳ ಹೆಸರು ಇಬ್ಬರ ಬಾಯಲ್ಲೂ ಬರಲಿಲ್ಲ.

ಈ ಸಲ ಮಾತಾಡುವುದಿಲ್ಲ. ಬಂದು ಕೂತು, ಇಲ್ಲ ಎಂದು ಮತದ ಹಳದಿ ಕಾರ್ಡು ಎತ್ತಿ, ಊಟ ಮಾಡಿ ಬರುತ್ತೇನೆ.

ಹೆಸ್ಟರ್ ಕ್ವಿಂಬಿ

•

೨ ಫೆಬ್ರವರಿ

ಹೆಸ್ಟರ್, ಹೆಸ್ಟರ್,

ಮಾತಾಡುವುದಿಲ್ಲವೆಂದೆ. ಅಷ್ಟು ಸಾಕು. ಊರಿನ ತುಂಬ ಡಂಗುರ ಹೊಡೆಯಬೇಕೆನ್ನಿಸಿತು, ತಡೆದುಕೊಂಡೆ.

ಇಲ್ಲಿ ನಡೆಯುತ್ತಿರುವುದನ್ನು ನೀನು ನೋಡಬೇಕಿತ್ತು. ಡೋರೀನ್ ಗೊತ್ತಲ್ಲ, ಪೋಷಕರ ಸಂಘದವಳು, ಮೂರು ಮಕ್ಕಳ ತಾಯಿ, ಹಿಟ್ಟು ಅಂಟಿದ ಕೈಯಲ್ಲೇ ಪ್ರಪಂಚ ಆಳುವವಳು. ಅವಳು ದಂಡನಾಯಕಿ, ನಾನು ಕಹಳೆ. ಹಿಮದಲ್ಲಿ ಸೊಂಟದವರೆಗೆ ಹೂತುಕೊಂಡು ಮನೆ ಮನೆ ಹತ್ತಿದ್ದೇವೆ. ಮರ ಕೊಯ್ಯುವ ಗೇಬ್ರಿಯಲ್ ಕಳೆದ ವರ್ಷ ಇಲ್ಲ ಎಂದಿದ್ದ. ನಿನ್ನೆ ಅವನ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಉಸಿರೆಳೆದುಕೊಂಡೆ. ಅವನು ಎರಡೂ ಕೈ ಎತ್ತಿಬಿಟ್ಟ. "ಬೇಡ ಮಾರಾಯ, ಶುರು ಮಾಡ್ಬೇಡ. ಹೌದು ಅಂತೀನಿ. ನನ್ನ ಕೋಳಿಗಳು ಮೊಟ್ಟೆ ಇಡೋದು ನಿಲ್ಸಿದ್ರೆ ನೀನೇ ಜವಾಬ್ದಾರಿ." ಕಲೆಗೆ ಇಂಥ ಗೌರವ ಈ ಊರಿನಲ್ಲಿ ಹಿಂದೆ ಸಿಕ್ಕಿರಲಿಲ್ಲ.

ಭಾಷಣ ದಿನಾ ಹಸುಗಳ ಮುಂದೆ ತಾಲೀಮು ಆಗುತ್ತಿದೆ. ಎರಡನೆಯ ಭಾಗದಲ್ಲಿ ದನಿ ಇಳಿಸಿ, ಮೂರನೆಯದರಲ್ಲಿ ಸಿಡಿಲಾಗುತ್ತೇನೆ. ಕಪ್ಪು ಹಸು ಆ ಜಾಗಕ್ಕೆ ಬಂದಾಗ ಮೆಲುಕು ನಿಲ್ಲಿಸುತ್ತದೆ.

ಎಲ್ಲವೂ ನಮ್ಮ ಊರಿನ ಪದ್ಧತಿಯಂತೆ ನಡೆಯುತ್ತದೆ. ಬೆಳಿಗ್ಗೆಯೆಲ್ಲ ಹಿಮ ನೂಕುವ ಲಾರಿಯ ಜಗಳ. ಹೊಸದು ಕೊಳ್ಳಬೇಕೋ ಹಳೆಯದನ್ನೇ ರಿಪೇರಿ ಮಾಡಿಸಬೇಕೋ ಎಂದು ನಮ್ಮವರು ಪ್ರತಿ ವರ್ಷ ಮಧ್ಯಾಹ್ನದವರೆಗೆ ಕಾದಾಡುತ್ತಾರಲ್ಲ. ಅಷ್ಟರಲ್ಲಿ ಡೋರೀನಳ ತಂಡ ಕೆಳಗಿನ ಅಡುಗೆಮನೆಯಲ್ಲಿ ಊರಿಗೆಲ್ಲ ಊಟ ಸಿದ್ಧಮಾಡುತ್ತದೆ. ಬೀನ್ಸು, ಹ್ಯಾಮು, ಕಂದು ಬ್ರೆಡ್ಡು, ಆಪಲ್ ಪೈ. ಊಟ ಮಾರಿದ ದುಡ್ಡು ಶಾಲೆಯ ಮಕ್ಕಳ ಪ್ರವಾಸಕ್ಕೆ. ಊಟವಾದ ಮೇಲೆ, ಹೊಟ್ಟೆ ತುಂಬಿದ ಸಭೆ ಮೆತ್ತಗಾದ ಹೊತ್ತಿಗೆ, ಹನ್ನೊಂದನೆಯ ಕಲಮು. ಆಗ ನನ್ನ ಪ್ರವೇಶ.

ಇನ್ನೊಂದು ವಿಷಯ. ವಯಸ್ಸಾದವರಿಗೆ ಆಸ್ತಿ ತೆರಿಗೆಯಲ್ಲಿ ವಿನಾಯಿತಿ ಇದೆ. ಊರಿನ ಆಡಳಿತ ಮಂಡಳಿಗೆ ಅರ್ಜಿ ಕೊಟ್ಟು, ಬ್ಯಾಂಕಿನಲ್ಲಿ ಇರುವುದೆಷ್ಟು ಎಂದು ತೋರಿಸಿದರೆ ಸಾಕಂತೆ. ನೀನು ಒಂದು ಸಲ ಕೇಳಿ ನೋಡಬಾರದೇ?

ನಿನ್ನ
ಆರ್ವಿಲ್

•

೮ ಫೆಬ್ರವರಿ

ಆರ್ವಿಲ್,

ಆಡಳಿತ ಮಂಡಳಿ ಎಂದರೆ ಮೂವರು. ಒಬ್ಬ ನನ್ನ ಗಂಡನ ಬಳಿ ಕೆಲಸ ಕಲಿತವನು. ಇನ್ನೊಬ್ಬ ನನ್ನನ್ನು ಮದುವೆಯಾಗಲು ಕೇಳಿ ಇಲ್ಲವೆನ್ನಿಸಿಕೊಂಡವನು. ಮೂರನೆಯವನ ಹೆಂಡತಿ ಭಾನುವಾರ ಚರ್ಚಿನಲ್ಲಿ ನನ್ನ ಬೆನ್ನ ಹಿಂದಿನ ಬೆಂಚಿನಲ್ಲಿ ಕೂರುತ್ತಾಳೆ. ಇವರ ಮುಂದೆ ಬ್ಯಾಂಕಿನ ಪುಸ್ತಕ ಬಿಚ್ಚಿ, "ನೋಡಿಯಪ್ಪ, ನನ್ನ ಹತ್ರ ಇಷ್ಟೇ ಇರೋದು," ಎನ್ನಬೇಕೇ? ನಿನ್ನ ನಾಟಕಗಳಲ್ಲಿ ರಾಣಿಯ ಉಡುಪು ಎಳೆಯುವ ದೃಶ್ಯ ಬಂದಾಗ ನೀನೇ ಬೇಡವೆಂದು ಕತ್ತರಿಸಿದ್ದೆ. ಇದೂ ಅದೇ.

ಇನ್ನೊಂದು ಸಲ ಬರೆಯಬೇಡ ಈ ಮಾತು.

ನಿನ್ನ ಭಾಷಣದ ಸದ್ದು ಗಾಳಿ ಈ ಕಡೆ ಬೀಸಿದಾಗ ಇಲ್ಲಿಗೂ ಕೇಳುತ್ತದೆ. ಮೂರನೆಯ ಭಾಗ ಉದ್ದವಾಯಿತು. ನಯೋಮಿ ಕಿಟಕಿ ತೆರೆದಿಟ್ಟುಕೊಂಡು ಕೇಳುತ್ತಿದ್ದಳು. ಇಷ್ಟು ಚಳಿಯಲ್ಲಿ. ನಾನು ನೋಡಿದ್ದು ಅವಳಿಗೆ ಗೊತ್ತಿಲ್ಲ.

ಹೆಸ್ಟರ್

•

೫ ಮಾರ್ಚ್, ಶನಿವಾರ, ಸಂಜೆ

ನನ್ನ ರಾಣಿ, ನನ್ನ ವೀರವನಿತೆ, ನನ್ನ ಕಲ್ಲೆದೆಯ ಹೆಸ್ಟರ್,

 ಅಕ್ಷರ ಕುಣಿದರೆ ಕ್ಷಮಿಸು, ನಾನೂ ಕುಣಿಯುತ್ತಿದ್ದೇನೆ.

ಮೇಲಿನ ಸಭೆಯಲ್ಲಿ ಆದದ್ದು ನಿನಗೆ ಗೊತ್ತು. ಕೆಳಗೆ ಆದದ್ದನ್ನು ಕೇಳು. ನಲವತ್ತು ವರ್ಷ ರಂಗದ ಮೇಲೆ ಒಂದು ಪ್ರವೇಶವನ್ನೂ ತಪ್ಪಿಸದ ಆರ್ವಿಲ್ ಪೆಲ್ಕಿ ಇವತ್ತು ಎಲ್ಲಿದ್ದ? ಅಡುಗೆಮನೆಯ ಒಲೆಯ ಪಕ್ಕ, ತಲೆಯ ಮೇಲೆ ಟವೆಲು ಮುಸುಕು ಹಾಕಿಕೊಂಡು, ಜೇನು ಬೆರೆಸಿದ ಬಿಸಿ ಸೇಬಿನ ಸೈಡರ್ ಬಾಯಲ್ಲಿ ಗಳಗಳ ಮಾಡುತ್ತಿದ್ದ. ಗಂಟಲು ಹದ ಮಾಡಿಕೊಳ್ಳುತ್ತಿದ್ದೆ, ಹೆಸ್ಟರ್. ಮಧ್ಯಾಹ್ನದ ಸಿಡಿಲಿಗೆ. ಇನ್ನೂ ಹನ್ನೊಂದು ಗಂಟೆ. ಲಾರಿಯ ಜಗಳ ಮುಗಿಯಲು ಬೇಕಾದಷ್ಟು ಹೊತ್ತಿದೆ ಎಂದು ಎಲ್ಲರೂ ನಿಶ್ಚಿಂತೆ. ಶಾಲೆಯ ಪರವಾಗಿದ್ದ ತಾಯಿ ತಂದೆ ಅಷ್ಟೂ ಜನ ಕೆಳಗೇ ಇದ್ದರು. ಒಬ್ಬ ಪೈ ಕೊಯ್ಯುತ್ತಿದ್ದ, ಒಬ್ಬಳು ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದಳು, ನಾಲ್ವರು ಮೇಜು ಎಳೆಯುತ್ತಿದ್ದರು. ವಾಸನೆ ಮೇಲೆ ಹೋಗಿ ಸಭೆಯ ಗಮನ ಕೆಡಿಸಬಾರದೆಂದು ಡೋರೀನ್ ಮೆಟ್ಟಿಲ ಬಾಗಿಲನ್ನು ಭದ್ರವಾಗಿ ಮುಚ್ಚಿಸಿದ್ದಳು.

ಆ ಹಾಳು ಲಾರಿ ಬೆಳಿಗ್ಗೆ ಎಲ್ಲರ ಕಣ್ಣೆದುರಿಗೇ ಸಭಾಭವನದ ಮೆಟ್ಟಿಲ ಮುಂದೆ ಪ್ರಾಣ ಬಿಟ್ಟಿದ್ದು ನನಗೆ ಗೊತ್ತಿತ್ತೇ ಹೊರತು, ಅದರಿಂದ ಜಗಳವೇ ಇಲ್ಲದಂತಾಗುತ್ತದೆ ಎಂದು ಹೊಳೆಯಲಿಲ್ಲ. ಹೊಸ ಲಾರಿಯ ಕಲಮು ಎರಡು ನಿಮಿಷದಲ್ಲಿ ಪಾಸಾಗಿ, ಊಟಕ್ಕೆ ಮುಂಚೆಯೇ ನಮ್ಮ ಕಲಮಿನ ಸರದಿ ಬಂತಂತೆ. ನಮ್ಮ ಊರಿನ ಚರಿತ್ರೆಯಲ್ಲೇ ಇಲ್ಲದ ಅನಾಹುತ.

ಬೀನ್ಸಿನ ಹಂಡೆ ಹಿಡಿದುಕೊಂಡು ಡೋರೀನ್ ಮತ್ತು ನಾನು ಮೆಟ್ಟಿಲು ಹತ್ತಿ ಬಾಗಿಲು ತಳ್ಳಿದ ಕ್ಷಣಕ್ಕೇ ಸಭಾಪತಿ ಎಜ್ರಾ ಟಟಲ್‌ನ ಸುತ್ತಿಗೆ ಟಪ್ಪೆಂದಿತು. "ಹನ್ನೊಂದನೇ ಕಲಮು ಬಿದ್ದಿದೆ. ಊಟ ರೆಡಿನಾ?"

ಹಂಡೆಯ ಒಂದು ಕಿವಿ ನನ್ನ ಕೈಯಿಂದ ಜಾರಿತು. ಡೋರೀನ್ ಜಾರಿಸಲಿಲ್ಲ. ಅವಳು ಹಂಡೆಯನ್ನು ಕೆಳಗಿಟ್ಟು, ಏಪ್ರನ್ನಿಗೆ ಕೈ ಒರೆಸಿ, "ಎಜ್ರಾ, ನಾವೆಲ್ಲ ಕೆಳಗಿದ್ವಿ. ನಿಮಗೋಸ್ಕರಾನೇ ಅಡುಗೆ ಮಾಡ್ತಿದ್ವಿ," ಎಂದಳು. ಅವನ ಮುಖ ಬಿಳಿಚಿತು. "ಕರ್ಯೋಕೆ ಹುಡುಗನ್ನ ಕಳಿಸ್ದೆ ಕಣಮ್ಮ, ಕೆಳಗಡೆ ಗದ್ದಲದಲ್ಲಿ ಯಾರಿಗೂ ಕೇಳ್ಲಿಲ್ವಂತೆ. ನಾನೇನ್ ಮಾಡ್ಲಿ? ಮತ ಆಗೋಯ್ತು."

"ಮತ್ತೆ ತಗೊಳ್ಳಿ."

"ನಾನಾಗೇ ತಗೊಳ್ಳೋ ಹಾಗಿಲ್ಲ. ನಿಯಮ ಇದೆ. ಯಾರು ಗೆದ್ದ ಕಡೆಗೆ ಮತ ಹಾಕಿದಾರೋ ಅವರಲ್ಲೊಬ್ರು ಎದ್ದು ಕೇಳ್ಬೇಕು. ಸೋತೋರೂ ಕೇಳೋ ಹಾಗಿಲ್ಲ, ಮತ ಹಾಕದೇ ಇರೋರೂ ಕೇಳೋ ಹಾಗಿಲ್ಲ. ಸಭೆ ಮುಗಿಯೋದ್ರೊಳಗೆ."

ಎಂದರೆ ಇಲ್ಲ ಎಂದವನೇ ಎದ್ದು, ನಾನು ಗೆದ್ದದ್ದನ್ನು ವಾಪಸ್ಸು ತಗೊಳ್ಳಿ ಎನ್ನಬೇಕು. ಯಾವ ಹುಚ್ಚ ಎನ್ನುತ್ತಾನೆ? ಎಲ್ಲರೂ ತಮ್ಮ ತಮ್ಮ ಕಾರ್ಡು ನೋಡಿಕೊಂಡರು.  ನಯೋಮಿ ಕಿಟಕಿಯ ಪಕ್ಕದಲ್ಲಿ ಕೂತಿದ್ದಳು. ಅವಳು ಯಾರ ಕಡೆಗೂ ನೋಡಲಿಲ್ಲ, ಕೈಚೀಲದ ಜಿಪ್ಪನ್ನು ಮುಚ್ಚುತ್ತಿದ್ದಳು, ತೆರೆಯುತ್ತಿದ್ದಳು. ನಾನು ಬಾಯಿ ತೆರೆದೆ. ಜೇನು, ಸೈಡರ್ ಎಲ್ಲ ಕುಡಿದ ಗಂಟಲಿನಿಂದ ಒಂದು ಅಕ್ಷರವೂ ಬರಲಿಲ್ಲ.

ಆಗ ಮೂರನೆಯ ಸಾಲಿನಲ್ಲಿ ನಿನ್ನ ಕುರ್ಚಿ ಸರಿಯಿತು.

"ನಾನು ಇಲ್ಲ ಅಂತ ಹಾಕ್ದೆ, ಎಜ್ರಾ. ಮತ್ತೆ ತಗೋ ಅಂತ ಕೇಳ್ತಿದೀನಿ."

ಅಷ್ಟೇ. ಒಂದು ಕೆಮ್ಮು ಸಹ ಹೆಚ್ಚಿಲ್ಲ. ಎಜ್ರಾ ಅನುಮೋದನೆ ಯಾರದು ಎಂದ, ನಿನ್ನ ಹಿಂದೆ ಗೇಬ್ರಿಯಲ್, ಆ ದ್ರೋಹಿ, ನನಗೆ ಹೌದು ಎಂದು ಮಾತು ಕೊಟ್ಟು ಇಲ್ಲ ಎಂದು ಹಾಕಿದ್ದವನು, ಗಡ್ಡ ಕೆರೆದುಕೊಳ್ಳುತ್ತ, "ನಾನೂ ಇಲ್ಲ ಅಂತಾನೇ ಹಾಕಿದ್ದು, ಆರ್ವಿಲ್ ಕ್ಷಮಿಸ್ಬೇಕು. ಅನುಮೋದಿಸ್ತೀನಿ," ಎಂದ. ಮತ್ತೆ ತಗೊಳ್ಳೋಣವೇ ಎಂದು ಎಜ್ರಾ ಸಭೆಯನ್ನು ಕೇಳಿದ, ಒಪ್ಪಿಗೆಯ ಗುಡುಗೆದ್ದಿತು. ಡೋರೀನ್ ಮೆಟ್ಟಿಲ ಬಾಗಿಲಲ್ಲಿ ನಿಂತು ಕೂಗಿದಳು. ಏಪ್ರನ್ನುಗಳ ಪ್ರವಾಹವೇ ಮೇಲೆ ಬಂತು. ಕೈಯಲ್ಲಿ ಚಾಕು, ಸೌಟು, ಒಬ್ಬನ ಗಲ್ಲದ ಮೇಲೆ ಆಪಲ್. ಕಾರ್ಡುಗಳು ಎದ್ದಾಗ ಆ ಹಳದಿ ನೋಡಿದೆಯಾ? ಚಿನ್ನದ ಬೆಳೆ. ಗೆದ್ದೆವು. ಮೂವತ್ತೆಂಟು ಮತದಿಂದ ಗೆದ್ದೆವು. ನಾನು ಡೋರೀನಳನ್ನು ಎತ್ತಿ ತಿರುಗಿಸಿದೆ. ಭಾಷಣ ಮಾಡಲಿಲ್ಲ, ಒಂದು ಪದವೂ ಆಡಲಿಲ್ಲ, ಆದರೂ ಚಪ್ಪಾಳೆ ನನ್ನದೇ ಎನ್ನಿಸಿತು.

ಅಲ್ಲ, ನಿನ್ನದು. ನನಗೆ ಗೊತ್ತಿತ್ತು ಹೆಸ್ಟರ್, ಒಳಗೆ ನೀನು ನಮ್ಮ ಕಡೆಯವಳೇ ಎಂದು. ಕೊನೆಯ ಗಳಿಗೆಯಲ್ಲಿ ಮನಸ್ಸು ತಿರುಗಿತಲ್ಲ. ನಾಳೆ ಚರ್ಚು ಮುಗಿದ ಮೇಲೆ ನಿನ್ನ ಕೈ ಕುಲುಕಬೇಕು, ನೋಟೀಸು ಓದಬೇಡ.

ನಿನ್ನ ಪದತಲದಲ್ಲಿ,
ಆರ್ವಿಲ್

•

೭ ಮಾರ್ಚ್

ಆರ್ವಿಲ್,

ನಿನ್ನೆ ಚರ್ಚಿನ ಹಿಂಬಾಗಿಲಿನಿಂದ ಮನೆಗೆ ಬಂದೆ. ಇಷ್ಟು ಜನ ಕೈ ಕುಲುಕಲು ಬಂದರೆ ನನಗೆ ಆಗುವುದಿಲ್ಲ.

ನೀನು ಡೋರೀನಳನ್ನು ತಿರುಗಿಸುವುದರಲ್ಲಿ ಮುಳುಗಿದ್ದೆ, ಆದ್ದರಿಂದ ನೋಡಲಿಲ್ಲ. ಎರಡನೆಯ ಸಲವೂ ನಾನು ಇಲ್ಲ ಎಂದೇ ಕಾರ್ಡು ಎತ್ತಿದೆ. ಮನಸ್ಸು ತಿರುಗಿಲ್ಲ. ಬಿಲ್ಲೂ ತಿರುಗುವುದಿಲ್ಲ.

ಹಾಗಾದರೆ ಎದ್ದದ್ದೇಕೆ ಎಂದು ಕೇಳುತ್ತೀಯ. ನೀನು ಕೆಳಗೆ ಗಳಗಳ ಮಾಡುತ್ತಿದ್ದಾಗ ಮೇಲೆ ಏನಾಯಿತು ಹೇಳುತ್ತೇನೆ. ಎಜ್ರಾ ಹನ್ನೊಂದನೆಯ ಕಲಮು ಓದಿದ. ಪರವಾಗಿ ಮಾತಾಡುವವರು ಯಾರಾದರೂ ಇದ್ದೀರಾ ಎಂದ. ನಾನು ತಿರುಗಿ ನೋಡಿದೆ. ಖಾಲಿ ಕುರ್ಚಿಗಳು, ಅವುಗಳ ಮೇಲೆ ಕೋಟುಗಳು. ಕೋಟುಗಳು ಕೂತಿದ್ದವು, ಜನರಿರಲಿಲ್ಲ. ನಯೋಮಿ ಇದ್ದಳು, ಆದರೆ ತನ್ನ ಕೆಲಸಕ್ಕೆ ತಾನೇ ವಾದಿಸುವವಳಲ್ಲ ಅವಳು. ನಮ್ಮ ಕಡೆಯವರು ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದರು. "ಬೇಗ ಎತ್ರೋ ಕಾರ್ಡು, ಬೀನ್ಸ್ ಬೆಂದ್ಬಿಡುತ್ತೆ," ಎಂದು ಒಬ್ಬ ಪಿಸುಗುಟ್ಟಿದ. ನಾನೂ ಎತ್ತಿದೆ. ಎತ್ತಿದ ಕೈ ಕೆಳಗಿಳಿಯುವಾಗ ಕಾಲಡಿಯ ನೆಲದ ಹಲಗೆಯ ಸಂದಿನಿಂದ ಬ್ರೆಡ್ಡಿನ ವಾಸನೆ ಬಂತು. ಡೋರೀನ್ ಎಷ್ಟೇ ಬಾಗಿಲು ಮುಚ್ಚಲಿ, ಆ ಹಲಗೆಗಳನ್ನು ನನ್ನ ಗಂಡ ಜೋಡಿಸಿದ್ದು, ಅವು ಎಲ್ಲೆಲ್ಲಿ ಬಿರಿದಿವೆ ಎಂದು ನನಗೆ ಗೊತ್ತು.

ನನಗೆ ಬಡಿಸಲು ನಿಂತವರ ಬೆನ್ನ ಹಿಂದೆ ಗೆದ್ದು, ಆಮೇಲೆ ಅವರ ಕೈಯಿಂದಲೇ ತಟ್ಟೆ ತೆಗೆದುಕೊಳ್ಳಲು ನನಗೆ ಬರುವುದಿಲ್ಲ. ಗೆಲ್ಲುವುದಾದರೆ ಅವರ ಮುಖ ನೋಡಿ ಗೆಲ್ಲಬೇಕಿತ್ತು. ಮುಖ ನೋಡಿದೆ, ಸೋತೆ. ಅದು ಸರಿಯಾದ ಲೆಕ್ಕ. ಊಟ ಚೆನ್ನಾಗಿತ್ತು.

ನಯೋಮಿ ಆ ಸಂಜೆ ನನಗಿಂತ ತಡವಾಗಿ ಬಂದಳು. ಬೂಟು ಬಿಚ್ಚುತ್ತ ಬಾಗಿಲಲ್ಲೇ ನಿಂತಳು. "ಥ್ಯಾಂಕ್ಸ್ ಹೇಳ್ಬೇಕು," ಎಂದಳು.

"ನನಗೆ ಹೇಳ್ಬೇಡ. ಎರಡು ಸಲ ನಿನ್ನ ವಿರುದ್ಧ ಹಾಕಿದೀನಿ."

"ಗೊತ್ತು. ಎರಡು ಸಲಾನೂ ನೋಡ್ದೆ."

ಆಮೇಲೆ ಸೂಪು ಬಿಸಿ ಮಾಡಿದೆ.

ಹೆಸ್ಟರ್

•

೯ ಮಾರ್ಚ್

ಹೆಸ್ಟರ್,

ನಿನ್ನ ಕಾಗದ ಓದಿ ಅರ್ಧ ದಿನ ಮಾತು ನಿಂತಿತ್ತು. ನನ್ನ ಹೆಂಡತಿ ಡಾಕ್ಟರಿಗೆ ಫೋನ್ ಮಾಡಲು ಹೊರಟಿದ್ದಳು.

ಆದರೆ ಈಗ ಕೂತುಕೋ. ಕೂತಿದ್ದೀಯಾ? ಯಾವುದಾದರೂ ಗಟ್ಟಿ ವಸ್ತು ಕೈಗೆ ಸಿಗುವಂತಿದ್ದರೆ ದೂರ ಇಡು.

ನಿನ್ನೆ ಮಂಗಳವಾರ, ಊರಿನ ಮಂಡಳಿಗಳಿಗೆ ಸದಸ್ಯರನ್ನು ಆರಿಸುವ ಮತದಾನಕ್ಕೆ ನೀನೂ ಬಂದಿದ್ದೆ, ಹಾಕಿ ಹೋದೆ. ಶಾಲಾ ಮಂಡಳಿಯ ಮೂರು ಸ್ಥಾನಗಳಲ್ಲಿ ಒಂದಕ್ಕೆ ಯಾರೂ ನಿಂತಿರಲಿಲ್ಲ, ಮತಪತ್ರದಲ್ಲಿ ಆ ಜಾಗ ಖಾಲಿ ಗೆರೆ ಮಾತ್ರ. ಅಲ್ಲಿ ಯಾರಿಗೆ ಬೇಕಾದರೂ ಯಾರ ಹೆಸರನ್ನಾದರೂ ಬರೆಯಬಹುದು. ಪ್ರತಿ ವರ್ಷ ನಮ್ಮವರು ಅಲ್ಲಿ ತಮ್ಮ ಭಾವನ ಹೆಸರು, ಕುದುರೆಯ ಹೆಸರು, ಒಂದು ಸಲ ನನ್ನ ಹೆಸರು ಸಹ ಬರೆದು ಮಜಾ ತೆಗೆದುಕೊಳ್ಳುತ್ತಾರೆ.

ಎಣಿಕೆಗೆ ನಾನು ನಿಂತಿದ್ದೆ. ಮೊದಲ ಹಾಳೆ ಮಡಚಿದ್ದನ್ನು ಗುಮಾಸ್ತರು ಬಿಡಿಸಿ ಓದಿದರು, "ಹೆಸ್ಟರ್ ಕ್ವಿಂಬಿ." ಎರಡನೆಯದು, "ಹೆಸ್ಟರ್ ಕ್ವಿಂಬಿ." ಮೂರನೆಯದಕ್ಕೆ ಗುಮಾಸ್ತರು ಕನ್ನಡಕ ಒರೆಸಿಕೊಂಡರು. ಹತ್ತು ಆಗುವಷ್ಟರಲ್ಲಿ ಎಜ್ರಾ ಬಂದು ನಿಂತ. ಇಪ್ಪತ್ತಾದ ಮೇಲೆ ಡೋರೀನ್ ಬಾಯಿ ಮುಚ್ಚಿಕೊಂಡು ಅಳಲು ಶುರುಮಾಡಿದಳು. ಒಬ್ಬ "ಗುಡ್ಡದ ರಸ್ತೆ ಹೆಸ್ಟರ್, ಅವಳಿಗೆ ಇಷ್ಟವಿಲ್ಲದಿದ್ದರೂ" ಎಂದು ಬರೆದಿದ್ದ, ಅದನ್ನೂ ಎಣಿಸಿದರು. ನಾನು ಆಣೆ ಮಾಡುತ್ತೇನೆ, ಯಾರಿಗೂ ನಾನು ಕಿವಿಯೂದಲಿಲ್ಲ. ಬೇಕಾದರೆ ಡೋರೀನಳನ್ನು ಕೇಳು. ಅವಳೂ ಊದಲಿಲ್ಲವಂತೆ. ಪರ ಹಾಕಿದವರೂ ಬರೆದಿದ್ದಾರೆ, ವಿರುದ್ಧ ಹಾಕಿದವರೂ ಬರೆದಿದ್ದಾರೆ. ಪ್ರತಿಯೊಬ್ಬನೂ ತಾನೊಬ್ಬನೇ ಬರೆಯುತ್ತಿದ್ದೇನೆ ಎಂದುಕೊಂಡು ಪರದೆಯ ಹಿಂದೆ ನಿಂತು ಗುಟ್ಟಾಗಿ ಬರೆದಿದ್ದಾನೆ. ಇಡೀ ಊರೇ ಒಂದೇ ಗುಟ್ಟು ಇಟ್ಟುಕೊಂಡದ್ದು ಹೊರಬಿದ್ದಾಗ ಆ ಸಭಾಭವನದಲ್ಲಿ ಎದ್ದ ನಗು ನಿನಗೆ ಕೇಳಲಿಲ್ಲವೇ?

ನೀನು ಆಯ್ಕೆಯಾಗಿದ್ದೀಯ, ಹೆಸ್ಟರ್. ಶಾಲಾ ಮಂಡಳಿಯ ಸದಸ್ಯೆ. ಇಲ್ಲ ಎಂದವಳ ಕೈಗೇ ಶಾಲೆಯ ಕೀಲಿ ಕೊಟ್ಟಿದೆ ಊರು.

ಬೇಡವೆಂದರೆ ಬೇಡವೆನ್ನಬಹುದು. ಗುಮಾಸ್ತರು ಶುಕ್ರವಾರದವರೆಗೆ ಕಾಯುತ್ತಾರೆ. ನಾನು ಒಂದು ಮಾತೂ ಆಡುವುದಿಲ್ಲ. ಇದೇ ನನ್ನ ಜೀವನದ ಅತ್ಯಂತ ಕಷ್ಟದ ಪಾತ್ರ.

ಆರ್ವಿಲ್

•

ಗುಡ್ಡದ ರಸ್ತೆ
೧೪ ಏಪ್ರಿಲ್

ಆರ್ವಿಲ್,

ನೀನು ಒಂದು ತಿಂಗಳು ಬಾಯಿ ಮುಚ್ಚಿಕೊಂಡದ್ದಕ್ಕೆ ಬಹುಮಾನವಾಗಿ ಈ ಕಾಗದ. ಎಲ್ಲರಿಗೂ ಓದಿ ಹೇಳಬೇಡ.

ಒಪ್ಪಿಕೊಂಡದ್ದೇಕೆ ಎಂದು ಊರೆಲ್ಲ ಊಹಿಸುತ್ತಿದೆ. ನನ್ನ ಮನೆಯಿಂದ ಹೊರಡುವ ಹಣ ಎಲ್ಲಿಗೆ ಹೋಗುತ್ತದೆ ಎಂದು ನೋಡಬೇಕಿತ್ತು, ಅಷ್ಟೇ. ಶಾಲೆಯನ್ನು ಬೆಚ್ಚಗಿಡುವ ಬಾಯ್ಲರಿಗೆ ಎಣ್ಣೆ ಕೊಳ್ಳುವ ಕಡೆ ಮೋಸವಾಗುತ್ತಿದೆ, ಮೊದಲ ಸಭೆಯಲ್ಲೇ ಹೇಳಿದೆ. ಅಧ್ಯಕ್ಷರು ಬೆವರಿದರು. ಡಿಸೆಂಬರಿನಲ್ಲಿ ನನ್ನ ಬಿಲ್ಲು ಬಂದಾಗ ಏನು ಮಾಡುತ್ತೇನೋ ಗೊತ್ತಿಲ್ಲ. ಕೆಳಗಿನ ಹುಲ್ಲುಗಾವಲನ್ನು ಗೇಬ್ರಿಯಲ್ ಕೇಳುತ್ತಿದ್ದಾನೆ. ಕೊಡಬೇಕಾದೀತು. ಅದು ಬೇರೆ ವಿಷಯ.

ನಿನ್ನೆ ಎರಡನೆಯ ಸಭೆ. ಮುಂದಿನ ವರ್ಷಕ್ಕೆ ಉಪಾಧ್ಯಾಯರ ನೇಮಕ. ಹೊಸ ತೆರಿಗೆಯಿಂದ ಉಳಿದ ಇಬ್ಬರ ಹೆಸರು ಕೊನೆಯಲ್ಲಿ ಬಂತು. ಮೊದಲನೆಯದು ಆಯಿತು, ನಾನೂ ಕೈ ಎತ್ತಿದೆ. ಆಮೇಲೆ ಅಧ್ಯಕ್ಷರು ನಯೋಮಿ ಡುಫ್ರೇನ್ ಎಂದು ಓದಿದರು. ಮಂಡಳಿಗೆ ಸೇರಿದಾಗಿನಿಂದ ನಾನು ಈ ಒಂದು ಹೆಸರಿಗಾಗಿ ಕಾಯುತ್ತಿದ್ದೆ ಎಂದು ನಿನಗೆ ಮಾತ್ರ ಹೇಳುತ್ತಿದ್ದೇನೆ. ಹೌದು ಎನ್ನಬೇಕೆಂದಿದ್ದೆ. ಎರಡು ಇಲ್ಲಗಳಿಗೆ ಒಂದು ಹೌದು. ಕೈ ಮೇಜಿನ ಮೇಲಿಂದ ಅರ್ಧ ಎದ್ದೂ ಇತ್ತು.

ಅಧ್ಯಕ್ಷರು ಕೆಮ್ಮಿದರು. "ಮಿಸೆಸ್ ಕ್ವಿಂಬಿ, ತಪ್ಪು ತಿಳ್ಕೋಬೇಡಿ. ಅವರು ನಿಮ್ಮನೇಲಿ ಬಾಡಿಗೆಗಿದಾರೆ ಅಲ್ವಾ?"

"ಇದಾರೆ."

"ಹಾಗಾದ್ರೆ ಅವರಿಗೆ ಬರೋ ಸಂಬಳದಲ್ಲಿ ನಿಮಗೂ ಬಾಡಿಗೆ ಬರುತ್ತೆ. ಸ್ವಂತ ಲಾಭ ಇರೋ ವಿಷಯಕ್ಕೆ ಮತ ಹಾಕೋ ಹಾಗಿಲ್ಲ. ಸ್ವಲ್ಪ ಹೊತ್ತು ಹೊರಗಿರ್ತೀರಾ?"

ನಿಯಮ ಸರಿಯಾಗಿದೆ. ಅವರ ಜಾಗದಲ್ಲಿದ್ದರೆ ನಾನೂ ಹಾಗೇ ಹೇಳುತ್ತಿದ್ದೆ. ಎದ್ದು ಹೊರಗೆ ಬಂದು ಬಾಗಿಲು ಎಳೆದುಕೊಂಡೆ.

ಸಂಜೆಯ ಶಾಲೆಯ ಪಡಸಾಲೆ ನೀನು ಎಂದಾದರೂ ನೋಡಿದ್ದೀಯಾ? ಗೋಡೆಯುದ್ದಕ್ಕೂ ನನ್ನ ಸೊಂಟದ ಎತ್ತರಕ್ಕೆ ಕೊಕ್ಕೆಗಳು, ಒಂದರಲ್ಲಿ ಯಾರೋ ಮರೆತ ಕೆಂಪು ಕೈಗವಸು. ಗೋಡೆಗೆ ಅಂಟಿಸಿದ ಚಿತ್ರದಲ್ಲಿ ನದಿಯೊಂದು ಬೆಟ್ಟದ ಕಡೆಗೆ ಏರಿ ಹೋಗುತ್ತಿತ್ತು, ನೀಲಿ ಬಣ್ಣ ಧಾರಾಳವಾಗಿ ಬಳಿದಿದ್ದರು. ಬಾಗಿಲಿನ ಹಿಂದೆ ಕಾಗದ ಸರಿದಾಡುವ ಸದ್ದು ಕೇಳಿತು. ಅಧ್ಯಕ್ಷರು ಒಪ್ಪುವವರು ಕೈ ಎತ್ತಿ ಎಂದರು.

ಪಡಸಾಲೆಯಲ್ಲಿ ಯಾರೂ ಇರಲಿಲ್ಲ. ನಾನು ಕೈ ಎತ್ತಿದೆ. ಒಳಗಿನವರು ಎಣಿಸಿ ಮುಗಿಸುವವರೆಗೂ ಇಳಿಸಲಿಲ್ಲ.

ಹೆಸ್ಟರ್